ಮೂರಕ್ಷರದ ದಾನಿ

ಕೊಪ್ಪಳದಿಂದ ಹುಬ್ಬಳ್ಳಿ ಕಡೆಗೆ ಹೊರಟ ರೈಲಿನಲ್ಲಿ ಬ್ಯಾಗು ಹೊತ್ತ ಹುಡುಗರನ್ನು ಯಾವ ಕಾಲೇಜೆಂದು ಕೇಳಿದರೆ ಹಲವರು 'ಬಿವಿಬಿ' ಎನ್ನುತ್ತಾರೆ. ಕುಷ್ಟಗಿಯವರಿರಲಿ, ಯಲಬುರ್ಗಾದವರಿರಲಿ, ಹಾಗೆನ್ನುವಾಗ ಎದೆ ತುಸು ಮುಂದೆ ಬರುತ್ತದೆ. ಬಿವಿಬಿ ಅಂದರೆ ಯಾರಪ್ಪಾ ಎಂದು ಕೇಳಿದಿರೋ, ಎದೆ ಮೊದಲಿನ ಜಾಗಕ್ಕೆ ವಾಪಸು. ನಮ್ಮ ಅಕ್ಕನ ಮಗನಂತೂ, "ಬಿವಿಬಿ ಅಂದ್ರ ಬಿವಿಬಿನರಿ ಮಾಮಾ, ಯಾರ ಅಂದ್ರ ಏನ್ ಹೇಳ್ಲಿ?" ಎಂದು ನನಗೇ ತಿಳಿಹೇಳಿದ.

ಅವರು ಬಸಪ್ಪ ವೀರಪ್ಪ ಭೂಮರಡ್ಡಿ. 1947ರಲ್ಲಿ ಕೆ.ಎಲ್.ಇ. ಸಂಸ್ಥೆ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದಾಗ ಕೈಬಿಚ್ಚಿ ಕೊಟ್ಟವರು. ಆಗ ಹುಬ್ಬಳ್ಳಿ ಮುಂಬಯಿ ಪ್ರಾಂತದಲ್ಲಿತ್ತು, ನಮ್ಮ ಕೊಪ್ಪಳ ಸೀಮೆ ನಿಜಾಮನ ಕೈಯಲ್ಲಿತ್ತು. ದೇಶಕ್ಕೆ ಬಂದ ಸ್ವಾತಂತ್ರ್ಯ ನಮ್ಮೂರು ಮುಟ್ಟಲು 1948ರ ಸೆಪ್ಟೆಂಬರ್ ಆಯಿತು. ಅಷ್ಟರಲ್ಲಿ ನಮ್ಮ ಮಕ್ಕಳು ಮೊಮ್ಮಕ್ಕಳು ಮುಂದೆ ಕೂರಬೇಕಾದ ಬೆಂಚುಗಳು ಅಲ್ಲಿ ಸಿದ್ಧವಾಗುತ್ತಿದ್ದವು.

ಕೆ.ಎಲ್.ಇ.ಯ ಕೈಗೆ ಸಿಕ್ಕ ದಾನಿಗಳ ಪಾಡೇ ಇಷ್ಟು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಸಂಸ್ಥೆ ಅದು. ಮಾಸ್ತರರಿಗೆ ಹಾಜರಿ ಪುಸ್ತಕದಲ್ಲಿ ಹೆಸರು ಮೊಟಕು ಮಾಡಿ ರೂಢಿ. ಗಿಲಗಂಚಿ, ಅರಟಾಳ ಎಂಬ ಹಿರಿಯರಿಬ್ಬರು ಸೇರಿ 'ಜಿ.ಎ. ಹೈಸ್ಕೂಲು' ಆದರು. ರಾಜಾ ಲಖಮಗೌಡರು 'ಆರ್.ಎಲ್.ಎಸ್.' ಒಳಗೆ ಕೂತರು. ಶಿರಸಂಗಿ ಲಿಂಗರಾಜರೊಬ್ಬರೇ ಹೇಗೋ ತಪ್ಪಿಸಿಕೊಂಡು ಇಡೀ ಹೆಸರಿನ ಲಿಂಗರಾಜ ಕಾಲೇಜಾಗಿ ಉಳಿದಿದ್ದಾರೆ. ನಮ್ಮ ಗಂಗಾವತಿಯೇನೂ ಕಮ್ಮಿಯಿಲ್ಲ. ಶ್ರೀ ಕೊಲ್ಲಿ ನಾಗೇಶ್ವರರಾವ್ ಗಂಗಯ್ಯನವರ ಹೆಸರಿನ ಸರ್ಕಾರಿ ಕಾಲೇಜು ಊರವರ ಬಾಯಲ್ಲಿ 'ಎಸ್‌ಕೆಎನ್‌ಜಿ'. ಗೌರವದ 'ಶ್ರೀ'ಯನ್ನೂ ಬಿಟ್ಟಿಲ್ಲ, ಅದೂ ಒಂದು ಎಸ್ಸು!

ಇಡೀ ಹೆಸರು ಬರೆಸಿ ಕೊಡುವವರೂ ಇದ್ದಾರೆ. ನಮ್ಮ ಕಾಕಾ ಹಣಮಪ್ಪನ ಗುಡಿಗೆ ಒಂದು ಫ್ಯಾನು ಕೊಟ್ಟರು. ಮೂರು ರೆಕ್ಕೆಗೆ ಮೂರು ಸಾಲು: ತಮ್ಮ ಹೆಸರು, ತಂದೆಯ ಹೆಸರು, ಊರು. ಫ್ಯಾನು ತಿರುಗಿದರೆ ಹೆಸರು ಕಾಣದು, ಹೆಸರು ಕಾಣಬೇಕೆಂದರೆ ಗಾಳಿ ಬಾರದು. ಬೀಗರು ಬಂದಾಗ ಕಾಕಾ ಏಪ್ರಿಲ್ ಬಿಸಿಲಲ್ಲೇ ಸ್ವಿಚ್ ಆರಿಸಿ, ರೆಕ್ಕೆಗಳು ನಿಲ್ಲುವವರೆಗೆ ಕಾಯಿಸಿ, ಓದಿಸುತ್ತಿದ್ದರು. ಬೀಗರು ಟವೆಲ್ಲಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತ, "ಅಕ್ಷರ ಭಾಳ ಛಲೋ ಬಂದಾವ್ರಿ" ಎನ್ನುತ್ತಿದ್ದರು. ಇತ್ತ ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುತ್ತವೆ. ಒಂದರ ಮೇಲೂ ಬಡಿದವರ ಹೆಸರಿರುವುದಿಲ್ಲ.

ಭೂಮರಡ್ಡಿಯವರ ಫ್ಯಾನು 1947ರಿಂದ ತಿರುಗುತ್ತಲೇ ಇದೆ. ಹೆಸರು ಓದೋಣವೆಂದು ಯಾರೂ ಆರಿಸಿಲ್ಲ. ಆ ಗಾಳಿಯಲ್ಲಿ ಓದಿದವರಲ್ಲಿ, ಹುಡುಗರೇ ತುಂಬಿದ್ದ ಕಾಲದಲ್ಲಿ ಕಾಲೇಜಿಗೆ ಬಂದ ಸುಧಾ ಕುಲಕರ್ಣಿಯೂ ಒಬ್ಬರು. ಮುಂದೆ ಸುಧಾ ಮೂರ್ತಿಯಾಗಿ ತಾವೇ ದಾನಿಯಾದರು. 2015ರ ಹೊತ್ತಿಗೆ ಕಾಲೇಜು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಯಿತು, ಬೋರ್ಡು ಬದಲಾಯಿತು. ಹುಬ್ಬಳ್ಳಿಯ ಆಟೋದವರು ಬದಲಾಗಲಿಲ್ಲ. ವಿದ್ಯಾನಗರದಲ್ಲಿ ಇಂದಿಗೂ ಬಿವಿಬಿಗೇ ಇಳಿಸುತ್ತಾರೆ.

2023ರಲ್ಲಿ ನಮಗೂ ಒಂದು ವಿಶ್ವವಿದ್ಯಾಲಯ ಬಂತು, ಕುಕನೂರು ತಾಲೂಕಿನ ತಳಕಲ್ಲಿನಲ್ಲಿ. ಎರಡು ವರ್ಷ ತುಂಬುವ ಹೊತ್ತಿಗೆ, ಇಂಥ ಹೊಸ ವಿ.ವಿ.ಗಳನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಸರ್ಕಾರ ಲೆಕ್ಕ ಹಾಕತೊಡಗಿತು. ನಮ್ಮ ಏಳು ತಾಲೂಕಿನಲ್ಲಿ ಸಾಹುಕಾರರಿಗೇನು ಬರವೇ? ಗಂಗಾವತಿಯಲ್ಲಿ ರೈಸ್ ಮಿಲ್ಲು, ಕುಷ್ಟಗಿಯಲ್ಲಿ ಗ್ರಾನೈಟು, ಗಿಣಿಗೇರಿ ಕಡೆ ಉಕ್ಕಿನ ಕಾರ್ಖಾನೆ. ಯಾರಾದರೂ ಮನಸ್ಸು ಮಾಡಿದರೆ ನನ್ನದೊಂದೇ ಸಲಹೆ: ಕೊಡುವ ಮೊದಲು ನಿಮ್ಮ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ, ಬಾಯಿಗೆ ಸಲೀಸಾಗಿ ಬರುತ್ತವೋ ನೋಡಿಕೊಳ್ಳಿರಿ. ನಿಮ್ಮನ್ನು ಮರೆಯುವ ಕೆಲಸ ನಮಗೆ ಬಿಡಿರಿ. ಅದರಲ್ಲಿ ನಾವು ಪಳಗಿದವರು.