ಬಾಲ್ ಇಲ್ಲದ ಬ್ಯಾಟು

ಕಳೆದ ಜನವರಿಯಲ್ಲಿ ಅಕ್ಕನ ಮಗನ ಕಾರಿನಲ್ಲಿ ಮೈಸೂರಿನಿಂದ ಚಾಮರಾಜನಗರಕ್ಕೆ ಒಂದು ಮದುವೆಗೆ ಹೊರಟಿದ್ದೆ. ಬ್ಯಾಗು ಇಡಲೆಂದು ಡಿಕ್ಕಿ ತೆಗೆದರೆ ಸ್ಟೆಪ್ನಿಯ ಪಕ್ಕದಲ್ಲಿ ಕರಿ ಬಣ್ಣದ, ಹಿಡಿ ಸಣ್ಣಗೆ ತುದಿ ದಪ್ಪಗೆ ಇದ್ದ ಮರದ ಬ್ಯಾಟೊಂದು ಮಲಗಿತ್ತು.

"ಇದೇನೋ?" ಎಂದೆ.

"ಬೇಸ್‌ಬಾಲ್ ಬ್ಯಾಟು ಮಾಮೂ."

"ನೀನು ಯಾವಾಗಿಂದ ಬೇಸ್‌ಬಾಲ್ ಆಡ್ತೀಯ? ಬಾಲ್ ಎಲ್ಲಿ?"

ಅವನು ನಕ್ಕುಬಿಟ್ಟ. "ಬಾಲ್ ಯಾರಿಗೆ ಬೇಕು ಮಾಮೂ? ರಾತ್ರಿ ಹೊತ್ತು ಓಡಾಡ್ತೀನಲ್ಲ, ಇರ್ಲಿ ಅಂತ. ನನ್ನ ಫ್ರೆಂಡ್ಸ್ ಹತ್ರ ಎಲ್ಲಾ ಇದೆ. ಅವರ ಹತ್ರಾನೂ ಇರುತ್ತೆ."

'ಅವರು' ಅಂದರೆ ಯಾರು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ನಂಜನಗೂಡು ದಾಟುವವರೆಗೂ ನಾನು ಮಾತನಾಡಲಿಲ್ಲ. ಬೇಸ್‌ಬಾಲ್ ನಮ್ಮ ಹಳ್ಳಿಗಳ ಆಟವಲ್ಲ. ನಮ್ಮ ಕಡೆ ಆ ಬ್ಯಾಟಿನ ಹೆಸರು ಪತ್ರಿಕೆಯ ಕ್ರೀಡಾ ಪುಟಕ್ಕಿಂತ ಅಪರಾಧ ಸುದ್ದಿಯಲ್ಲೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ. ಆದರೆ ಅದು ಚೆಂದದ ಆಟ. ಮೈದಾನದ ಒಂದು ಮೂಲೆಗೆ ಅವರು 'ಹೋಮ್' ಎನ್ನುತ್ತಾರೆ, ಅಂದರೆ ಮನೆ. ಚೆಂಡನ್ನು ಹೊಡೆದವನು ಆ ಮನೆ ಬಿಟ್ಟು 90 ಅಡಿಗೊಂದರಂತೆ ಇರುವ ಮೂರು ಬೇಸುಗಳನ್ನು ಮುಟ್ಟಿ ತಿರುಗಿ ಮನೆಗೆ ಬಂದರೆ ಒಂದು ರನ್ನು. ಎಷ್ಟು ದೂರ ಓಡಿದರೂ ಮನೆ ಮುಟ್ಟದಿದ್ದರೆ ಲೆಕ್ಕಕ್ಕಿಲ್ಲ.

ಈ ಆಟಕ್ಕೂ ನಮ್ಮ ದೇಶಕ್ಕೂ ಸಂಬಂಧವೇ ಇಲ್ಲವೆಂದಲ್ಲ. ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಇಬ್ಬರು ಹುಡುಗರು ಜಾವೆಲಿನ್ ಎಸೆಯುತ್ತಿದ್ದವರು. ವೇಗವಾಗಿ ಚೆಂಡೆಸೆಯುವವರನ್ನು ಹುಡುಕುವ ಟಿ.ವಿ. ಸ್ಪರ್ಧೆಯೊಂದರಲ್ಲಿ ಆಯ್ಕೆಯಾಗಿ, ಅಮೆರಿಕದಲ್ಲಿ ತರಬೇತಿ ಪಡೆದು, 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆಗೆ ಸೇರಿದರು. ಅವರ ಕತೆ 2014ರಲ್ಲಿ ಸಿನಿಮಾ ಆಯಿತು. ಆ ಹುಡುಗರು ಬರೀ ಚೆಂಡು ಹಿಡಿದು ಸಮುದ್ರ ದಾಟಿದರು. ನಮ್ಮ ಹುಡುಗರು ಬರೀ ಬ್ಯಾಟು ಹಿಡಿದು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದಾರೆ.

ಮದುವೆ ಊಟ ಮುಗಿದ ಮೇಲೆ ಸೋದರಳಿಯನಿಗೆ, "ಹರದನಹಳ್ಳಿಗೆ ಹೋಗಿ ಬರೋಣ" ಎಂದೆ.

ಚಾಮರಾಜನಗರದಿಂದ ದಕ್ಷಿಣಕ್ಕೆ ಐದಾರು ಕಿಲೋಮೀಟರ್ ದೂರದ ಊರು. ಯಡಿಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ್ದು ಇಲ್ಲಿ ಎನ್ನುತ್ತಾರೆ. ದಿವ್ಯಲಿಂಗೇಶ್ವರನ ಹಳೆಯ ದೇವಸ್ಥಾನವಿದೆ. ಇವೆಲ್ಲ ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಹುಡುಗನಾಗಿದ್ದಾಗ ಹರದನಹಳ್ಳಿ ಎಂದರೆ ಹಿಪ್ಪುನೇರಳೆ ತೋಟ, ಗೂಡು ಬೇಯುವ ವಾಸನೆ ಮತ್ತು ಚಿನ್ನಿದಾಂಡು, ಇಷ್ಟೇ. ಅಬ್ಬಾ ರೇಷ್ಮೆಗೂಡು ಕೊಂಡು ಚರಕದಲ್ಲಿ ನೂಲು ತೆಗೆಯುತ್ತಿದ್ದರು. ಆ ವಾಸನೆ ನನ್ನ ಅಂಗಿಗೂ ಹತ್ತಿಕೊಂಡಿರುತ್ತಿತ್ತು. ಏಳನೇ ತರಗತಿಯವರೆಗೆ ನಗರದ ಉರ್ದು ಶಾಲೆಯಲ್ಲಿ ಓದಿ ಎಂಟಕ್ಕೆ ಕನ್ನಡ ಶಾಲೆಗೆ ಸೇರಿದಾಗ, ವಾಸನೆಯನ್ನು ಲೆಕ್ಕಿಸದೆ ಪಕ್ಕದಲ್ಲಿ ಕೂತವನು ಅವನೊಬ್ಬನೇ. ನಾನು ಒತ್ತಕ್ಷರ ತಪ್ಪಿದಾಗಲೆಲ್ಲ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾವು ಓದುಗರು ಮೊದಲು ಜಾತಿ ಹುಡುಕುತ್ತೇವೆ, ಆಮೇಲೆ ಮನುಷ್ಯನನ್ನು.

ಚಿನ್ನಿದಾಂಡಿಗೆ ಬೇಕಾದದ್ದು ಹುಣಸೆಯದೋ ಜಾಲಿಯದೋ ಒಂದು ಕೊಂಬೆ. ಉದ್ದದ ತುಂಡು ದಾಂಡು, ಎರಡೂ ತುದಿ ಚೂಪಾಗಿ ಕೆತ್ತಿದ ಗೇಣಿಗಿಂತ ಚಿಕ್ಕ ತುಂಡು ಚಿನ್ನಿ. ಹಿಮ್ಮಡಿಯಲ್ಲಿ ತೋಡಿದ ಗುಣಿಯ ಮೇಲೆ ಚಿನ್ನಿಯನ್ನು ಅಡ್ಡ ಇಟ್ಟು ಚಿಮ್ಮಬೇಕು. ನೆಲಕ್ಕೆ ಬೀಳುವ ಮೊದಲು ಹಿಡಿದರೆ ಔಟು. ಇಲ್ಲದಿದ್ದರೆ ಅದರ ಮೂತಿಗೆ ತಟ್ಟಿ ಮೇಲೆಬ್ಬಿಸಿ ಬಾರಿಸಬೇಕು. ಬಿದ್ದ ದೂರವನ್ನು ದಾಂಡಿನಲ್ಲೇ ಅಳೆಯುವುದು. ಸೋತವನು ಉಸಿರು ಬಿಡದೆ ಒಂದೇ ಸಮ ಕೂಗುತ್ತ ಗುಣಿಯವರೆಗೆ ಓಡಬೇಕು. ಅಂಪೈರ್ ಇರಲಿಲ್ಲ. ಜಗಳವಾಡಿಯೇ ನ್ಯಾಯ ತೀರ್ಮಾನವಾಗಬೇಕಿತ್ತು. ಅವನು ಜಗಳಗಂಟ. ಒಂದು ದಾಂಡಿನಷ್ಟು ಅಳತೆಯನ್ನೂ ನನಗೆ ಬಿಟ್ಟುಕೊಟ್ಟವನಲ್ಲ.

1992ರ ಡಿಸೆಂಬರ್. ನನಗೆ ಹದಿಮೂರು. ಬಾಬರಿ ಮಸೀದಿ ಉರುಳಿ ಒಂದು ವಾರವಾಗಿತ್ತು. ನಮ್ಮ ಬೀದಿಯಲ್ಲಿ ಏನೂ ಆಗಿರಲಿಲ್ಲ. ಆದರೆ ದೊಡ್ಡವರು ರೇಡಿಯೋ ಸುತ್ತ ಕೂತು ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದರು, ನಾವು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು. "ಹೊರಗೆ ಹೋಗಬೇಡ" ಎಂದಿದ್ದರು ಅಮ್ಮಿ. ಆದರೂ ಹೋಗಿದ್ದೆ. ನಾನು ಬಾರಿಸಿದ ಚಿನ್ನಿ ನೋಡುತ್ತ ನಿಂತಿದ್ದ ಚಿಕ್ಕ ಹುಡುಗನೊಬ್ಬನ ಹುಬ್ಬಿಗೆ ಬಡಿಯಿತು. ಮುಖವೆಲ್ಲ ರಕ್ತ. ಅವನು ನಮ್ಮವನಲ್ಲ. 'ನಮ್ಮವನಲ್ಲ' ಎಂದು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ, ಆದರೆ ಆ ಕ್ಷಣ ನನ್ನ ತಲೆಯಲ್ಲಿ ಬಂದದ್ದು ಅದೇ ಮಾತು. ದಾಂಡು ಕೈಜಾರಿ ಬಿತ್ತು. ಗೆಳೆಯ ಬಗ್ಗಿ ಅದನ್ನು ಎತ್ತಿಕೊಂಡ. ಕೂಗಾಟ ಕೇಳಿ ಓಡಿಬಂದ ದೊಡ್ಡವರು ಕಂಡದ್ದು ಅವನ ಕೈಯಲ್ಲಿದ್ದ ದಾಂಡನ್ನು. ಅವನ ಅಪ್ಪ ಅದೇ ದಾಂಡಿನಲ್ಲಿ ಬಾರಿಸಿದರು. ನಾನು ನೋಡುತ್ತ ನಿಂತಿದ್ದೆ. ಆಮೇಲೆ ಮನೆಗೆ ಹೋಗಿ ಊಟ ಮಾಡಿದೆ.

ಹುಡುಗನಿಗೆ ಹೊಲಿಗೆ ಬಿತ್ತು, ಕಣ್ಣು ಉಳಿಯಿತು. ಮುಂದಿನ ವರ್ಷ ಅಬ್ಬಾರ ಕಸುಬು ಕೈಕೊಟ್ಟು ನಾವು ಮೈಸೂರಿಗೆ ಹೋದೆವು. ಆಮೇಲೂ ಆಗಾಗ ಸಿಗುತ್ತಿದ್ದೆವು. ಮದುವೆ, ಸಾವು, ಮಳೆ, ಬೆಳೆ ಎಲ್ಲದರ ಮಾತೂ ಬರುತ್ತಿತ್ತು. ಅದೊಂದು ಮಾತು ಬರಲಿಲ್ಲ.

ಉರ್ದು ಶಾಲೆಯಲ್ಲಿ ಮೇಷ್ಟ್ರು ಪ್ರೇಮಚಂದರ 'ಗುಲ್ಲಿ ಡಂಡಾ' ಕತೆ ಓದಿಸಿದ್ದರು. ಎಂಜಿನಿಯರಾಗಿ ಊರಿಗೆ ಮರಳಿದವನು ಬಾಲ್ಯದ ಗೆಳೆಯ ಗಯಾನ ಜೊತೆ ಆಡುತ್ತಾನೆ. ಇವನು ಎಷ್ಟು ಮೋಸ ಮಾಡಿದರೂ ಗಯಾ ಸುಮ್ಮನಿರುತ್ತಾನೆ. ಮರುದಿನ ಗಯಾ ತನ್ನ ಸರೀಕರೊಡನೆ ಆಡುವುದನ್ನು ನೋಡಿದಾಗ ಗೊತ್ತಾಗುತ್ತದೆ, ನಿನ್ನೆ ಅವನು ಆಡಲಿಲ್ಲ, ಸಾಹೇಬನನ್ನು ಆಡಿಸಿದ ಎಂದು. ಅಂದು ನಮಗೆ ಅದು ತಮಾಷೆಯ ಕತೆ. ಈಗ ನೆನೆದರೆ ಗಂಟಲು ಒಣಗುತ್ತದೆ.

ಮೈದಾನದಲ್ಲಿ ಎಲ್ಲರೂ ಒಂದು ಎಂದು ಭಾಷಣದಲ್ಲಿ ಹೇಳುವುದು ಸುಲಭ. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ದೊಡ್ಡ ಸ್ಪಿನ್ನರ್, 1911ರಲ್ಲಿ ಭಾರತ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದವರು. ದಲಿತರಾದ್ದರಿಂದ ಪುಣೆಯಲ್ಲಿ ಅವರಿಗೆ ಚಹಾ ಕೊಡುತ್ತಿದ್ದದ್ದು ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಮುಂಬಯಿಯಲ್ಲಿ 1946ರವರೆಗೂ ಹಿಂದೂ, ಮುಸ್ಲಿಂ, ಪಾರ್ಸಿ ಎಂದು ಮತಕ್ಕೊಂದು ಕ್ರಿಕೆಟ್ ತಂಡವಿತ್ತು. ಅಮೆರಿಕದ ಬೇಸ್‌ಬಾಲಿನ ದೊಡ್ಡ ಲೀಗುಗಳೂ ದಶಕಗಳ ಕಾಲ ಕರಿಯರಿಗೆ ಬಾಗಿಲು ಹಾಕಿದ್ದವು. ಜಾಕಿ ರಾಬಿನ್‌ಸನ್ ಆ ಬಾಗಿಲು ದಾಟಿದ್ದು 1947ರ ಏಪ್ರಿಲ್‌ನಲ್ಲಿ. ಮೈದಾನ ತಾನಾಗಿ ಯಾರನ್ನೂ ಒಂದು ಮಾಡುವುದಿಲ್ಲ. ಯಾರೋ ಒಬ್ಬರು ಏಟು ತಿನ್ನಬೇಕಾಗುತ್ತದೆ.

ಗೆಳೆಯ ಕಣದಲ್ಲಿದ್ದ. ಹುರುಳಿ ಕಿತ್ತು ಒಣಗಲು ಹರಡಿದ್ದ. ನನ್ನ ಕೈಲಿದ್ದ ಬ್ಯಾಟು ನೋಡಿ, "ಏನ್ಲಾ ಇದು, ದಾಂಡ ಇಷ್ಟು ದಪ್ಪ ಮಾಡ್ಕಂಡು ಬಂದಿದ್ದೀಯ?" ಎಂದ. ಸೋದರಳಿಯ ತಲೆ ತಗ್ಗಿಸಿದ. ಗೆಳೆಯ ಹುಣಸೆ ಕೊಂಬೆಯೊಂದನ್ನು ಮಚ್ಚಿನಿಂದ ಕಡಿದು ಚಿನ್ನಿ ಕೆತ್ತಿದ. ಬೇಸ್‌ಬಾಲ್ ಬ್ಯಾಟಿನಲ್ಲಿ ಆಡಿ ನೋಡಿದೆವು. ಆಗಲಿಲ್ಲ. ಅದರ ದಪ್ಪ ತುದಿ ಚಿನ್ನಿಯ ಮೂತಿಗೆ ತಟ್ಟುವುದೇ ಇಲ್ಲ. "ಇದು ನಮ್ಮ ಕೆಲ್ಸಕ್ಕೆ ಬರಾಕಿಲ್ಲ ಬುಡು" ಎಂದು ಬದಿಗೆಸೆದು, ಅದೇ ಕೊಂಬೆಯಲ್ಲಿ ದಾಂಡು ಮಾಡಿದ.

ನನ್ನ ಚಿಮ್ಮು ಚೆನ್ನಾಗಿಯೇ ಹೋಯಿತು. ಮಂಡಿನೋವಿನ ಮನುಷ್ಯ ಎರಡು ಹೆಜ್ಜೆ ಓಡಿ ನೆಲದ ಹತ್ತಿರ ಹಿಡಿದೇಬಿಟ್ಟ.

"ಔಟು ಕನ್ಲಾ!"

"ನೆಲಕ್ಕೆ ತಾಗಿತ್ತು," ಎಂದೆ.

"ಎಲ್ಲಿ ತಾಗ್ತು? ಸುಳ್ಳ! ಕೊಡು ದಾಂಡ."

ಅಬ್ಬ, ಇವನು ಗಯಾ ಅಲ್ಲ ಎಂದು ಮನಸ್ಸು ಹಗುರವಾಯಿತು. ಆ ಧೈರ್ಯದಲ್ಲೇ ಮೂವತ್ತು ವರ್ಷಗಳಿಗೂ ಮೀರಿ ಒಳಗಿಟ್ಟುಕೊಂಡಿದ್ದ ಮಾತನ್ನು ಕೇಳಿದೆ. "ಅವತ್ತು ಯಾಕೆ ದಾಂಡು ಎತ್ತಿಕೊಂಡೆ?"

ಅವನು ಚಿನ್ನಿಯನ್ನು ಕೈಯಲ್ಲಿ ತಿರುಗಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. "ಸಾಬರ ಹೈದ ಕಣ್ಣು ಒಡದ ಅಂತ ಊರಲ್ಲಿ ಮಾತು ಹುಟ್ಟದಕ್ಕಿಂತ, ನಮ್ಮಪ್ಪನ ಕೈಲಿ ನಾಕೇಟು ತಿನ್ನದು ಮೇಲು ಅನ್ನಿಸ್ತು."

"ಆ ವಯಸ್ಸಿಗೇ ಅಷ್ಟು ಬುದ್ಧಿಯಿತ್ತಾ ನಿನಗೆ?"

"ಬುದ್ಧಿ ಅಲ್ಲ ಕನಾ, ಭಯ. ನೀವು ಊರು ಬುಟ್ಟು ಹೋಗ್ಬುಟ್ರೆ ಅಂತ. ಆಮೇಲೆ ನಾ ಯಾರ್ ಜತೆ ಆಡ್ಲಿ?"

ನಾವು ಊರು ಬಿಟ್ಟೇ ಹೋಗಿದ್ದೆವು. ಅದನ್ನು ಅವನು ನೆನಪಿಸಲಿಲ್ಲ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. "ಮಾತು ಮರೆಸ್ಬೇಡ, ದಾಂಡ ಕೊಡು, ನಂದು ಆಟ" ಎಂದ.

ಹೊರಡುವಾಗ ಕಣದ ಮೂಲೆಯಲ್ಲಿ ಬಿದ್ದಿದ್ದ ಬ್ಯಾಟನ್ನು ಎತ್ತಿ ತೂಗಿ ನೋಡಿದ. "ಇದ ಇಲ್ಲೇ ಬುಟ್ಟೋಗು. ಹುರುಳಿ ಬಡಿಯಾಕೆ ಆಯ್ತದೆ."

ದಾರಿಯಲ್ಲಿ ಸೋದರಳಿಯ ಬಹಳ ಹೊತ್ತು ಮಾತಾಡಲಿಲ್ಲ. ನಂಜನಗೂಡು ಹತ್ತಿರ ಬಂದಾಗ, "ಅದಕ್ಕೆ ದುಡ್ಡು ಕೊಟ್ಟಿದ್ದೆ ಮಾಮೂ" ಎಂದ. ಕೊಟ್ಟುಬಿಟ್ಟೆ. ಇನ್ನೊಂದನ್ನು ಕೊಳ್ಳುವುದಿಲ್ಲವೆಂದು ಅವನು ಮಾತು ಕೊಡಲಿಲ್ಲ. ಅವನ ಭಯವೂ ಸುಳ್ಳಲ್ಲವೆಂದು ಗೊತ್ತಿದ್ದರಿಂದ ನಾನೂ ಕೇಳಲಿಲ್ಲ.

ಹದಿನೈದು ದಿನ ಕಳೆದು ಚಾಮರಾಜನಗರದಿಂದ ಬಂದವರೊಬ್ಬರ ಕೈಲಿ ಒಂದು ಚೀಲ ಹುರುಳಿ ಬಂತು. ಅರ್ಧ ನಿನಗೆ, ಅರ್ಧ ಬ್ಯಾಟಿನ ಯಜಮಾನನಿಗೆ ಎಂದು ಹೇಳಿ ಕಳಿಸಿದ್ದ. ಅಕ್ಕ ಬಸ್ಸಾರು ಮಾಡಿದಳು. ಹುರುಳಿ ಎಲ್ಲಿಂದ ಬಂತು ಎಂದು ಅವಳಿಗೆ ಹೇಳಿದ್ದೆ, ಯಾವುದರಲ್ಲಿ ಬಡಿದದ್ದು ಎಂದು ಹೇಳಿರಲಿಲ್ಲ. ಸೋದರಳಿಯ ನನ್ನ ಮುಖ ನೋಡಿದ, ಸಣ್ಣಗೆ ನಕ್ಕ, ತಟ್ಟೆ ಮುಂದೆ ಚಾಚಿ ಇನ್ನೊಂದು ಸೌಟು ಹಾಕಿಸಿಕೊಂಡ.