ಎದುರಿಗೆ ಯಾರೂ ಬರದ ರಸ್ತೆ

ಸೇಡಂ, ಚಿತ್ತಾಪುರ, ವಾಡಿ ಕಡೆಯ ರಸ್ತೆಗಳಲ್ಲಿ ಸ್ಟೀರಿಂಗ್ ಹಿಡಿದು ಕಲಿತವರಿಗೆಲ್ಲ ಎದುರಿನಿಂದ ಬರುವವನೇ ಗುರು. ಅವನು ಸಿಮೆಂಟ್ ಹೇರಿದ ಲಾರಿಯವನಿರಬಹುದು, ಸುಗ್ಗಿಯಲ್ಲಿ ತೊಗರಿ ಚೀಲ ಒಟ್ಟಿಕೊಂಡು ಲೈಟಿಲ್ಲದೆ ಬರುವ ಟ್ರ್ಯಾಕ್ಟರಿನವನಿರಬಹುದು, ಹೆಂಡತಿ ಮಕ್ಕಳ ಜೊತೆಗೆ ಒಂದು ಆಡಿನ ಮರಿಯನ್ನೂ ಕೂರಿಸಿಕೊಂಡ ಬೈಕಿನವನಿರಬಹುದು. ಅವನ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದರಲ್ಲೇ ನಮ್ಮ ಕಣ್ಣು ಕೈಕಾಲುಗಳು ಪಳಗುತ್ತವೆ. ನನಗೆ ಗಾಡಿ ಕಲಿಸಿದ ಕಾಕಾ ವಾಡಿಯಿಂದ ಸಿಮೆಂಟ್ ಹೊಡೆದ ಲಾರಿ ಡ್ರೈವರ್. ಗೇರು, ಕ್ಲಚ್ಚು ಎಲ್ಲ ನೀನೇ ಕಲಿತುಕೋ ಎಂದು ಬಿಟ್ಟು ಅವರು ಹೇಳಿಕೊಟ್ಟ ಪಾಠ ಒಂದೇ: “ಎದುರಿಗಿ ಬರಾಂವ ಕುಡದಾನ ಅಂತೇ ತಿಳ್ಕೊಂಡು ಹೊಡಿ.”

ಈ ವಿದ್ಯೆಯ ಪರೀಕ್ಷೆ ನಡೆಯುವುದು ರೈಲ್ವೆ ಗೇಟಿನ ಮುಂದೆ. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಳಿ ಬಂತು. ಚಿತ್ತಾಪುರ, ಸೇಡಂ ಎರಡೂ ಆ ದಾರಿಯ ಮೇಲಿನ ಊರುಗಳು. ಗೇಟು ಬಿದ್ದರೆ ಸಾಕು, ಈ ಕಡೆಯವರು ರಸ್ತೆಯ ಪೂರ್ತಿ ಅಗಲಕ್ಕೂ ನಿಲ್ಲುತ್ತಾರೆ, ಆ ಕಡೆಯವರೂ ಹಾಗೆಯೇ. ಗೇಟು ಎದ್ದಾಗ ಎರಡು ದಂಡು ಮುಖಾಮುಖಿ. ಆದರೂ ಒಬ್ಬರಿಗೊಬ್ಬರು ತಾಗದೆ ಎಲ್ಲರೂ ದಾಟಿಹೋಗುತ್ತಾರೆ. ಇಂಥ ಕಡೆ ಪಾಸಾದವನು ತನ್ನನ್ನು ಒಳ್ಳೆಯ ಡ್ರೈವರ್ ಎಂದುಕೊಂಡರೆ ತಪ್ಪೇನಿಲ್ಲ. ಆದರೆ ಎದುರಿಗೆ ಯಾರೂ ಬರದೇ ಇದ್ದರೆ ಅವನು ಎಂಥ ಡ್ರೈವರ್? ನನ್ನನ್ನು ಟ್ರ್ಯಾಕ್ ಡೇ ಕಡೆಗೆ ಎಳೆದದ್ದು ಈ ಪ್ರಶ್ನೆ.

ಟ್ರ್ಯಾಕ್ ಡೇ ಅಂದರೆ ರೇಸಲ್ಲ. ಫೀಸು ಕಟ್ಟಿ, ಸ್ವಂತ ಗಾಡಿ ಒಯ್ದು, ರೇಸ್ ನಡೆಯುವ ದಾರಿಯ ಮೇಲೆ ಸರದಿ ಪ್ರಕಾರ ಓಡಿಸಿ ಬರುವುದು. ಮೊದಲನೇ ನಂಬರಿಲ್ಲ, ಕಪ್ಪಿಲ್ಲ. ನಾನು ಹೋಗಬೇಕೆಂದುಕೊಂಡದ್ದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೆ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನವರು ದಶಕಗಳ ಕಾಲ ಶೋಲಾವರಂನ ಹಳೆಯ ವಿಮಾನ ಪಟ್ಟಿಯ ಮೇಲೆ ರೇಸ್ ನಡೆಸಿ, 1990ರಲ್ಲಿ ತಮ್ಮದೇ ಟ್ರ್ಯಾಕನ್ನು ಇರುಂಗಾಟ್ಟುಕೋಟ್ಟೈಯಲ್ಲಿ ತೆರೆದರು. ಉದ್ದ 3.7 ಕಿಲೋಮೀಟರ್, ತಿರುವು 12. ನಮ್ಮ ಸೇಡಂನಿಂದ ಆರುನೂರು ಕಿಲೋಮೀಟರಿಗೂ ಹೆಚ್ಚು. “ಅಷ್ಟು ದೂರ ಹೋಗಿ ಗುಂಡ ತಿರಗಾಕ ಹೊಂಟಿದಿ?” ಎಂದರು ಕಾಕಾ. ಲೆಕ್ಕಕ್ಕೆ ಅದು ಸರಿಯೇ.

ಗಾಡಿಯ ಬಗ್ಗೆಯೂ ಅವರಿಗೆ ಅನುಮಾನ. ಸ್ಪೋರ್ಟ್ಸ್ ಕಾರೆಂದರೆ ಎರಡು ಬಾಗಿಲಿನ, ನೆಲಕ್ಕೆ ಹತ್ತಿದಂತೆ ಕೂತ ಗಾಡಿಯನ್ನು ಅವರು ಸಿನಿಮಾದಲ್ಲಿ ನೋಡಿದ್ದರು. ನನ್ನದು ಸೆಕೆಂಡ್ ಹ್ಯಾಂಡ್ ಫಿಯೆಟ್ ಅಬಾರ್ಥ್ ಪುಂಟೊ. ಸುತ್ತಲೂ ಬಾಗಿಲು, ಹಿಂದೆ ಡಿಕ್ಕಿ, ಸಂಸಾರದ ಗಾಡಿಯೇ. ಬಾನೆಟ್ಟಿನ ಕೆಳಗೆ ಮಾತ್ರ 1.4 ಲೀಟರಿನ ಟರ್ಬೊ ಎಂಜಿನ್, 145 ಕುದುರೆ ಬಲ. 2015ರಲ್ಲಿ ಈ ಕಾರು ನಮ್ಮ ದೇಶಕ್ಕೆ ಬಂದಾಗ ಆ ಬೆಲೆಗೆ ಅಷ್ಟು ಬಲ ಕೊಡುವ ಗಾಡಿ ಅಪರೂಪ. ಹಳ್ಳಿಗೊಂದು ಸ್ಪೀಡ್ ಬ್ರೇಕರ್ ಇರುವ ನಮ್ಮ ಕಡೆ ಅಷ್ಟೂ ಕುದುರೆಗಳು ಕಟ್ಟಿದಲ್ಲೇ ಮೇಯುತ್ತಿದ್ದವು.

ಮೂತಿಯ ಮೇಲಿನ ಚೇಳಿನ ಗುರುತನ್ನು ನೋಡಿ ಕೇಳದವರಿಲ್ಲ. ಕಂಪನಿ ಕಟ್ಟಿದ ಕಾರ್ಲೊ ಅಬಾರ್ಥ್ ಹುಟ್ಟಿದ್ದು 1908ರ ನವೆಂಬರಿನಲ್ಲಿ, ಅವನದು ವೃಶ್ಚಿಕ ರಾಶಿ, ಅದಕ್ಕೇ ಚೇಳು ಎಂದು ನಾನು ವಿವರಿಸುತ್ತಿದ್ದೆ. ನಮ್ಮವರಿಗೆ ಆ ವಿವರಣೆ ಬೇಕಿರಲಿಲ್ಲ. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿಯ ದಿನ ಜನ ದೇವಿಯ ಗುಡ್ಡದ ಕಲ್ಲೆತ್ತಿ, ಕೆಳಗಿದ್ದ ಚೇಳನ್ನು ಅಂಗೈ ಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. “ಕಂದಕೂರ ಗಾಡಿ” ಎಂದೇ ಓಣಿಯ ಹುಡುಗರು ಹೆಸರಿಟ್ಟರು. ಇಟಲಿಯವನ ರಾಶಿ ಫಲ ನಮ್ಮ ಗುಡ್ಡದ ದೇವಿಗೆ ಸಂದಿತು.

ಹೊರಡುವ ಮುಂಚೆ ಕಾಗದ ಓದುವ ಕೆಲಸವೂ ಇದೆ. ಸಾರ್ವಜನಿಕ ರಸ್ತೆಯಲ್ಲಿ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಕೆಳಗೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಟ್ರ್ಯಾಕಿಗೆ ಹೋದರೆ ಕಾನೂನಿನ ಭಯವಿಲ್ಲ, ಆದರೆ ಇನ್ಶೂರೆನ್ಸಿನ ಬಲವೂ ಇಲ್ಲ. ಸಂಘಟಿತ ರೇಸು, ವೇಗ ಪರೀಕ್ಷೆ ಇವಕ್ಕೆಲ್ಲ ಪಾಲಿಸಿ ಒದಗುವುದಿಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಆ ಸಾಲನ್ನು ಕಾಕಾಗೆ ಓದಿ ಹೇಳಿದೆ. “ಹಂಗಾರ ಗ್ವಾಡಿಗಿ ಬಡದ್ರ ಗಾಡಿ ನಿಂದು, ಗ್ವಾಡಿನೂ ನಿಂದೇ,” ಎಂದರು.

ಗಾಡಿಯ ತಯಾರಿ ಶಹಾಬಾದಿನಲ್ಲಿ. ನಮ್ಮ ಮಿಸ್ತ್ರಿಯ ಅಂಗಳಕ್ಕೆ ಆ ಊರಿನದೇ ಫರ್ಸಿ ಹಾಸಿದೆ. ಖಣಿಯಿಂದ ಪದರು ಪದರಾಗಿ ಏಳುವ ಈ ಬೂದು ಕಲ್ಲು ದೇಶದ ಎಷ್ಟೋ ಮನೆಗಳ, ಸ್ಟೇಷನ್ನುಗಳ ನೆಲವಾಗಿದೆ. ಮಿಸ್ತ್ರಿಗೆ ಅದು ತಪಾಸಣೆಯ ಯಂತ್ರ. ರಾತ್ರಿ ನೆಲ ತೊಳೆದು ಒರೆಸಿ ಗಾಡಿ ನಿಲ್ಲಿಸುತ್ತಾನೆ. ಬೆಳಿಗ್ಗೆ ಗಾಡಿ ಹಿಂದಕ್ಕೆ ತಳ್ಳಿ, ಕೂತು, ಫರ್ಸಿಯನ್ನು ಓದುತ್ತಾನೆ. ಕಪ್ಪು ಹನಿ ಇದ್ದರೆ ಎಂಜಿನ್ ಆಯಿಲ್, ಬಣ್ಣದ ನೀರಿದ್ದರೆ ರೇಡಿಯೇಟರು, ಚಕ್ರದ ಒಳಬದಿಗೆ ಎಣ್ಣೆ ಪಸೆ ಇದ್ದರೆ ಬ್ರೇಕು. ನನ್ನ ಗಾಡಿ ನಿಂತಿದ್ದ ಜಾಗ ಒಣಗಿತ್ತು. ಏರ್ ಫಿಲ್ಟರ್ ತೆಗೆದು ನೆಲಕ್ಕೆ ಕುಟ್ಟಿದಾಗ ಮಾತ್ರ ಸಿಮೆಂಟಿನ ಬಣ್ಣದ ಧೂಳು ಉದುರಿತು. “ಇಷ್ಟರಾಗ ಒಂದು ಕಟ್ಟೆ ಕಟ್ಟಬಹುದು ನೋಡ್ರಿ,” ಎಂದ.

ನಾನು ಎಂಜಿನ್ನಿನ ಮಾತು ಎತ್ತಿದರೆ ಅವನು ಬ್ರೇಕಿನ ಮಾತಿಗೇ ಇಳಿಯುತ್ತಿದ್ದ. ಅದರಲ್ಲಿ ಲೆಕ್ಕವಿದೆ. ವೇಗ ಎರಡರಷ್ಟಾದರೆ ಗಾಡಿಯಲ್ಲಿ ಕೂಡಿಟ್ಟ ಶಕ್ತಿ ನಾಲ್ಕರಷ್ಟಾಗುತ್ತದೆ. 60ರಲ್ಲಿ ನಿಲ್ಲಿಸುವುದಕ್ಕಿಂತ 120ರಲ್ಲಿ ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಬಿಸಿ ನಾಲ್ಕು ಪಟ್ಟು. ಊರ ರಸ್ತೆಯಲ್ಲಿ ಅಷ್ಟು ಬಿಸಿಯಾದರೂ ಆರಲು ಹೊತ್ತು ಸಿಗುತ್ತದೆ. ಟ್ರ್ಯಾಕಿನಲ್ಲಿ ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು. ಬ್ರೇಕ್ ಆಯಿಲ್‌ಗೆ ಗಾಳಿಯ ತೇವ ಹೀರಿಕೊಳ್ಳುವ ಗುಣ. ಹೊಸ ಡಾಟ್ 4 ಆಯಿಲ್ ಕುದಿಯಲು ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಕುಡಿದ ಹಳೆಯದು 155ರ ಸುತ್ತಮುತ್ತಲೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಪ್ಯಾಡನ್ನು ತಳ್ಳುವುದಿಲ್ಲ. ಕಾಲು ನೆಲ ಮುಟ್ಟುತ್ತದೆ, ಗಾಡಿ ಓಡುತ್ತಲೇ ಇರುತ್ತದೆ.

ಆಯಿಲ್ ಬದಲಿಸುವಾಗ ನಾನು ಒಳಗೆ, ಮಿಸ್ತ್ರಿ ಚಕ್ರದ ಹತ್ತಿರ ಪಾನಾ ಹಿಡಿದು. ದೂರದ ಚಕ್ರದಿಂದ ಶುರು. “ಒತ್ರಿ… ಹಿಡೀರಿ… ಬಿಡಬ್ಯಾಡ್ರಿ… ಹಾಂ, ಬಿಡ್ರಿ.” ಅವನು ನಿಪ್ಪಲ್ ಸಡಿಲಿಸಿದಾಗ ಕಾಲಿನ ಕೆಳಗೆ ಪೆಡಲ್ ಮೆತ್ತಗೆ ಇಳಿಯುತ್ತಿತ್ತು. ನಿಪ್ಪಲ್ಲಿಗೆ ಸಿಕ್ಕಿಸಿದ ಪಾರದರ್ಶಕ ಪೈಪಿನಲ್ಲಿ ಮೊದಲು ಕಂದು ಬಣ್ಣದ ಎಣ್ಣೆ ಬಂತು, ಅದರ ನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು, ಆಮೇಲೆ ತಿಳಿ ಜೇನು ಬಣ್ಣ. ಗುಳ್ಳೆ ನಿಲ್ಲುವ ತನಕ ಅವನು ಬಿಡಲಿಲ್ಲ. ನಾಲ್ಕೂ ಚಕ್ರ ಮುಗಿದ ಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿ. ಪ್ಯಾಡುಗಳನ್ನೂ ಹೊಸದು ಹಾಕಿ, ಚಕ್ರದ ನಟ್ಟುಗಳನ್ನು ಟಾರ್ಕ್ ಪಾನಾದಿಂದ ಬಿಗಿದ. ಟೈರಿನ ಬದಿಯ ನಾಲ್ಕಂಕಿಯನ್ನು ಟಾರ್ಚ್ ಬಿಟ್ಟು ನೋಡಿದ. ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಹುಟ್ಟಿದ ಟೈರು. ಗುಂಡಿ ಆಳವಾಗಿ ಕಂಡ ಮಾತ್ರಕ್ಕೆ ಹಳೆಯ ರಬ್ಬರನ್ನು ನಂಬುವಂತಿಲ್ಲ ಎಂಬುದು ಅವನ ನ್ಯಾಯ.

ಆಮೇಲೆ ಗಾಡಿಯನ್ನು ಬರಿದು ಮಾಡುವ ಕೆಲಸ. ಸಡಿಲವಿರುವುದು ಒಂದೂ ಒಳಗಿರಬಾರದು ಎಂಬುದು ಟ್ರ್ಯಾಕಿನ ನಿಯಮ. ಜೋರು ಬ್ರೇಕಿಗೆ ಉರುಳಿದ ನೀರಿನ ಬಾಟಲಿ ಪೆಡಲಿನ ಕೆಳಗೆ ಸಿಕ್ಕರೆ ಮುಗಿಯಿತು. ಸ್ಟೆಪ್ನಿ, ಜ್ಯಾಕ್ ದಾರಿಗೆ ಬೇಕು, ಟ್ರ್ಯಾಕಿನಲ್ಲಿ ಇಳಿಸಬೇಕು. ಛತ್ರಿ, ಚಿಲ್ಲರೆ ಡಬ್ಬಿ, ಕಾಲಡಿಯ ಮ್ಯಾಟು, ಮುಂದೆ ತೂಗುತ್ತಿದ್ದ ನಿಂಬೆಹಣ್ಣು ಮೆಣಸಿನಕಾಯಿ ಎಲ್ಲ ಇಳಿದವು. ಉಳಿದದ್ದು ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಕಲಬುರಗಿಯ ಶರಣಬಸಪ್ಪನ ಫೋಟೊ. ಅಂಟು ಒಣಗಿತ್ತು. ನಾನು ಕೈ ಹಾಕಲು ಹಿಂದೆ ಮುಂದೆ ನೋಡುತ್ತಿದ್ದಾಗ ಮಿಸ್ತ್ರಿ ಕೈ ತೊಳೆದು ಬಂದು, ಫೋಟೊ ಬಿಡಿಸಿ, ಬಂದೇ ನವಾಜ್ ದರ್ಗಾದ ಕ್ಯಾಲೆಂಡರ್ ತೂಗುಹಾಕಿದ್ದ ಕಡೆ ಶೆಲ್ಫಿನ ಮೇಲೆ ಇಟ್ಟ. “ನೀವು ಬರೋ ತನಕ ಅಜ್ಜ ಇಲ್ಲೇ ಇರ್ತಾರ. ಗಿರಾಕಿನೂ ಬರ್ತಾವ.”

ಗಾಡಿಯ ಹೊರೆ ಇಳಿಸುವುದು ಸುಲಭ, ಡ್ರೈವರಿನದು ಕಷ್ಟ. ಹತ್ತಿಯ ತುಂಬುತೋಳಿನ ಅಂಗಿ (ಬೆಂಕಿ ಬಿದ್ದರೆ ಸಿಂಥೆಟಿಕ್ ಬಟ್ಟೆ ಕರಗಿ ಚರ್ಮಕ್ಕೆ ಹತ್ತುತ್ತದೆ), ಅಟ್ಟೆ ತೆಳುವಾದ ಬೂಟು, ಮುಖ ಮುಚ್ಚುವ ಹೆಲ್ಮೆಟ್ಟು, ಹಿಂದಿನ ರಾತ್ರಿ ನಿದ್ದೆ, ಬೆಳಿಗ್ಗೆ ಮಿರ್ಚಿ ಇಲ್ಲದ ಸುಸಲಾ ಇವೆಲ್ಲ ದುಡ್ಡಿಗೋ ಸಂಯಮಕ್ಕೋ ಸಿಗುತ್ತವೆ. ಬೆನ್ನು ಸೀಟಿಗೆ ಹತ್ತಿರಬೇಕು, ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ತುದಿಗೆ ಕೂರಬೇಕು, ಹಿಡಿತ ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ. ಇದನ್ನು ಚಿಂಚೋಳಿಯ ದಾರಿಯಲ್ಲಿ ರೂಢಿ ಮಾಡಿಕೊಂಡೆ. 2011ರಲ್ಲಿ ವನ್ಯಜೀವಿಧಾಮವಾದ ಆ ಕಾಡಿನ ಕಡೆ ನಮ್ಮ ಬಯಲು ಸೀಮೆಗೆ ಅಪರೂಪವಾದ ತಿರುವುಗಳಿವೆ. ವೇಗಕ್ಕಲ್ಲ, ಕಣ್ಣಿಗೆ. ಬಾನೆಟ್ಟಿನ ಮುಂದಿನ ಗುಂಡಿ ನೋಡುವ ಕಣ್ಣನ್ನು ತಿರುವಿನ ಆಚೆಗೆ ಒಯ್ಯುವುದು ಎಷ್ಟು ಕಷ್ಟವೆಂದು ಅಲ್ಲಿ ತಿಳಿಯಿತು. ನಮ್ಮ ರಸ್ತೆಯ ಗುಂಡಿಗಳು ಕಣ್ಣನ್ನು ಕೆಳಗೇ ಕಟ್ಟಿಹಾಕಿವೆ.

ಟ್ರ್ಯಾಕಿನಲ್ಲಿ ಮೊದಲು ಬಾವುಟದ ಪಾಠ. ಹಳದಿ ಬಂದರೆ ಮುಂದೆ ಅಪಾಯ, ಹಿಂದಿಕ್ಕುವಂತಿಲ್ಲ. ಕೆಂಪು ಬಂದರೆ ಓಟ ನಿಂತಿತು, ನಿಧಾನಕ್ಕೆ ಗಾಡಿಗಳು ನಿಲ್ಲುವ ಪಿಟ್ಟಿಗೆ ಬಾ. ನೀಲಿ ಎಂದರೆ ಹಿಂದೆ ನಿನಗಿಂತ ಜೋರಿನವನಿದ್ದಾನೆ. ಹಾರ್ನಿನ ಕೆಲಸವೇ ಇಲ್ಲ. ಮೊದಲ ಸುತ್ತಿನ ತುಂಬ ನನ್ನ ಎಡಗಣ್ಣು ಎಮ್ಮೆಗೂ ಬಲಗಣ್ಣು ಲಾರಿಗೂ ಕಾಯುತ್ತಿದ್ದವು. ಪಕ್ಕದಲ್ಲಿ ಕೂತ ತರಬೇತುದಾರರು ನೂರರ ವೇಗದಲ್ಲಿ ಸೆಕೆಂಡಿಗೆ 28 ಮೀಟರ್ ಹೋಗುತ್ತೀರಿ, ಇಲ್ಲದ ಲಾರಿ ನೋಡುವ ಹೊತ್ತಿನಲ್ಲಿ ಇರುವ ತಿರುವು ಬಂದುಬಿಡುತ್ತದೆ ಎಂದರು. ತಿರುವಿನ ಮುಂಚೆ, ಗಾಡಿ ನೆಟ್ಟಗಿರುವಾಗಲೇ ಬ್ರೇಕ್ ಮುಗಿಸಬೇಕು. ಹೊರಗಿನಿಂದ ಒಳಗಿನ ಅಂಚಿಗೆ ಬಂದು ಮತ್ತೆ ಹೊರಗೆ ಬಿಡಬೇಕು. ಬ್ರೇಕನ್ನು ಗಟ್ಟಿಯಾಗಿ ಹಾಕಿ, ಮೆತ್ತಗೆ ಬಿಡಬೇಕು. ಆ ದಿನದ ಪಾಠ ಅಷ್ಟೇ.

ಅಷ್ಟನ್ನೇ ಸುತ್ತು ಸುತ್ತಿಗೂ ಮಾಡುತ್ತ ಹೋದಂತೆ ನನ್ನ ಪ್ರಶ್ನೆಗೆ ಉತ್ತರ ಬಿಚ್ಚಿಕೊಂಡಿತು. ಊರ ರಸ್ತೆಯಲ್ಲಿ ಗಾಡಿ ಓಡಿಸುವುದು ಅರ್ಧ ಮನುಷ್ಯರ ವ್ಯವಹಾರ. ಅವನು ನುಗ್ಗಿದ, ನಾನು ತಗ್ಗಿದೆ. ಅವನು ಲೈಟ್ ಹಾಕಿದ, ನಾನು ಬಿಟ್ಟುಕೊಟ್ಟೆ. ಮನೆಗೆ ಬಂದು ಹೇಳುವ ಕಥೆಯೂ ಅವನದೇ. ಇಲ್ಲಿ ಎಲ್ಲರೂ ಒಂದೇ ಕಡೆಗೆ ಹೋಗುವವರು. ತಿರುವು ಹೋದ ಸುತ್ತಿನಲ್ಲಿ ಎಲ್ಲಿತ್ತೋ ಈ ಸುತ್ತಿನಲ್ಲೂ ಅಲ್ಲೇ ಇರುತ್ತದೆ. ಹೋದ ಸಲ ಚೆನ್ನಾಗಿ ದಾಟಿದ ತಿರುವಿನಲ್ಲಿ ಈ ಸಲ ಗಾಡಿ ಹೊರಗೆ ಸರಿದರೆ ಬೈಯಲು ಒಬ್ಬರೂ ಇಲ್ಲ. ವೇಗದ ಭಯಕ್ಕಿಂತ ಇದು ಹೊಸದು. ಅನುಮಾನದಲ್ಲಿ ನಾವು ನಿಪುಣರು, ಆದರೆ ಆ ನಿಪುಣತೆ ಯಾವಾಗಲೂ ಇನ್ನೊಬ್ಬನ ಕಡೆಗೆ ತಿರುಗಿರುತ್ತದೆ. ಟ್ರ್ಯಾಕು ಅದನ್ನು ನಮ್ಮ ಬಲಗಾಲಿನ ಕಡೆಗೆ ತಿರುಗಿಸುತ್ತದೆ. ಕಾಕಾ ಹೇಳಿದ ಆ ಕುಡುಕ ಎದುರಿಗೆ ಬಾರದಿದ್ದಾಗ ಸ್ಟೀರಿಂಗಿನ ಹಿಂದೆ ಯಾರಿದ್ದಾರೆ ಎಂದು ನೋಡಿಕೊಳ್ಳಲೇಬೇಕು.

ಕೊನೆಯ ಸುತ್ತನ್ನು ನಿಧಾನಕ್ಕೆ ಹೊಡೆದು ಬ್ರೇಕಿಗೆ ಗಾಳಿ ತೋರಿಸಿ ಪಿಟ್ಟಿಗೆ ಬಂದೆ. ಹ್ಯಾಂಡ್ ಬ್ರೇಕ್ ಎಳೆಯದೆ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟೆ. ಕಾದ ಡಿಸ್ಕನ್ನು ಪ್ಯಾಡು ಕಚ್ಚಿ ಹಿಡಿದುಕೊಳ್ಳಬಾರದು. ಬಿಸಿಗೆ ಉಬ್ಬಿದ ಟೈರಿನಿಂದ ನಡುನಡುವೆ ಇಳಿಸಿದ್ದ ಹವಾವನ್ನು, ಟೈರು ತಣ್ಣಗಾದ ಮೇಲೆ, ಊರ ದಾರಿ ಹಿಡಿಯುವ ಮುಂಚೆ ಮತ್ತೆ ತುಂಬಿಸಿದೆ.

ಊರಿಗೆ ಬಂದ ಮೇಲೆ ಕಾಕಾ ಕಟ್ಟೆಯ ಮೇಲಿಂದಲೇ ಶುರು ಮಾಡಿದರು.

“ಎಷ್ಟನೇ ನಂಬರ್ ಬಂದಿ?”

“ಅಲ್ಲಿ ನಂಬರ್ ಇರಂಗಿಲ್ಲ, ಕಾಕಾ.”

“ಮತ್ತ ರೊಕ್ಕ? ಕಪ್ಪು?”

“ರೊಕ್ಕ ನಾವೇ ಕೊಡಬೇಕು.”

“ಹಂಗಾರ ಏನ್ ಕಲ್ತು ಬಂದಿ?”

“ಬ್ರೇಕ್ ಹಾಕೋದು.”

ನಗುತ್ತಾರೆಂದು ಕಾದೆ, ನಗಲಿಲ್ಲ. ಸಿಮೆಂಟ್ ಹೇರಿದ ಲಾರಿಯನ್ನು ಘಾಟು ಇಳಿಸಿದ ಮನುಷ್ಯ. ಎಲೆ ಅಡಿಕೆಯ ಚೀಲ ಬಿಚ್ಚುತ್ತ ಹೇಳಿದರು: “ಅದನ್ನ ಕಲಿಲಾಕ ನನಗ ಅರ್ಧ ಜಲ್ಮ ಹೋಗ್ಯಾದ. ನಿಂದು ಸಸ್ತಾದಾಗ ಆತು ಬಿಡು.”