ಬಿಡ್ತು ಅನ್ನಬೇಡಿ, ಬರೆದಿಡಿ

ನೀವೂ ಕೇಳಿರುತ್ತೀರಿ. ಶುಭಕಾರ್ಯದ ಮಾತು ನಡೆಯುವಾಗ ಯಾರಾದರೂ "ಅಕಸ್ಮಾತ್ ಮಳೆ ಬಂದ್ರೆ?" ಅಂದರೆ ಸಾಕು, ಹಿರಿಯರು "ಬಿಡ್ತು ಅನ್ನು! ಅಸ್ತು ದೇವತೆಗಳು ತಥಾಸ್ತು ಅಂದುಬಿಡ್ತಾರೆ" ಎಂದು ಗದರುತ್ತಾರೆ. ಈಗಿನ ಮಕ್ಕಳು ಇದನ್ನೇ 'ಪಾಸಿಟಿವ್ ಥಿಂಕಿಂಗ್' ಅಂತಾರೆ.

ಆದರೆ ಉಪ್ಪಿನಕಾಯಿ ಹಾಕುವಾಗ ನಾವು ಹೀಗೆ ಬಾಯಿ ಮುಚ್ಚಿಕೊಂಡಿರುತ್ತೇವೆಯೇ, ಹೇಳಿ ನೋಡೋಣ? ಕಾಯಿ ಹೆಚ್ಚುವ ಮೊದಲೇ ಅದು ಹೇಗೆಲ್ಲ ಕೆಟ್ಟೀತೆಂದು ಯೋಚಿಸುತ್ತೇವೆ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಅದಕ್ಕೇ ಒರೆಸಿ ಆರಹಾಕುತ್ತೇವೆ. ಜಾಡಿಯನ್ನು ಬಿಸಿಲಿಗಿಡುತ್ತೇವೆ. ಒದ್ದೆ ಚಮಚ ಹಾಕುವ ಮಗನಿದ್ದರೆ ದಿನದ ಬಳಕೆಗೆ ಸಣ್ಣ ಬಾಟ್ಲಿಯನ್ನೇ ಬೇರೆ ಇಡುತ್ತೇವೆ. ಕೆಡುತ್ತದೆಂದು ಹೆದರಿ ಹಾಕದೇ ಬಿಟ್ಟವರುಂಟೇ?

ಗಾಬ್ರಿಯೇಲೆ ಎಟಿಂಗನ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞೆ, ಥಾಮಸ್ ವಾಡನ್ ಅವರ ಜೊತೆ 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತೂಕ ಇಳಿಸಿಕೊಳ್ಳಲು ಸೇರಿದ್ದ 25 ಹೆಂಗಸರನ್ನು ಗಮನಿಸಿದರಂತೆ. ವರ್ಷವಾದ ಮೇಲೆ ನೋಡಿದರೆ, ಎಲ್ಲವೂ ಸಲೀಸೆಂದು ಸಿಹಿಗನಸು ಕಂಡವರು, ಕಷ್ಟವನ್ನೂ ಕಲ್ಪಿಸಿಕೊಂಡವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿಸಿದ್ದರು! 'ನನ್ನಿಂದಾಗುತ್ತೆ' ಎಂಬ ನಂಬಿಕೆಯಿಂದ ಮಾತ್ರ ಒಳ್ಳೆಯದೇ ಆಗಿತ್ತು. ಧೈರ್ಯ ಬೇಡವೆಂದಲ್ಲ. ಮನಸ್ಸಿನಲ್ಲೇ ಗೆದ್ದು ಮುಗಿಸಿದರೆ ಮೈ ಏಳೋದಿಲ್ಲ, ಅಷ್ಟೆ.

ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾದವಳು ನಾನು. ನಲವತ್ತಮೂರನೇ ವಯಸ್ಸಿನಲ್ಲಿ ಖಾಸಗಿಯಾಗಿ ದ್ವಿತೀಯ ಪಿಯುಸಿಗೆ ಕಟ್ಟಿದೆ. ನೆರೆಹೊರೆಯವರೆಲ್ಲ "ನೀವು ಪಾಸಾಗೇ ಆಗ್ತೀರಿ" ಅಂದರು. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ, ದೀಪಾವಳಿಯೊಳಗೆ ಯಾಕೆ ಕೈಬಿಡಬಹುದು ಅಂತ ಪೆನ್ಸಿಲಿನಲ್ಲಿ ಬರೆದೆ. ಊಟವಾದ ಮೇಲೆ ನಿದ್ದೆ ತಡೆಯೋಕಾಗಲ್ಲ. ಹಾಗಾಗಿ ಬೆಳಗ್ಗೆ ಐದಕ್ಕೇ ಓದು. ನೆಂಟರು ಬಂದರೆ ಪುಸ್ತಕ ಮುಚ್ಚಿದ್ದು ಮುಚ್ಚಿದ ಹಾಗೇ. ಅಂಥ ದಿನ ರಾತ್ರಿ ಪಾತ್ರೆ ತೊಳೆದ ಮೇಲೆ ಇತಿಹಾಸದ ನಾಲ್ಕೇ ಪುಟ. ಅರ್ಥಶಾಸ್ತ್ರ ತಲೆಗೆ ಹತ್ತಲ್ಲ. ಪಕ್ಕದ ಮನೆಯ ಬಿ.ಕಾಂ. ಹುಡುಗಿಯನ್ನು ಭಾನುವಾರ ಕೇಳೋದು. ಕೊನೆಯದನ್ನು ಬಹಳ ಸಣ್ಣಕ್ಷರದಲ್ಲಿ ಬರೆದೆ: ಫೇಲಾದರೆ ಓರಗಿತ್ತಿಯರು ನಗುತ್ತಾರೆ. ಅದಕ್ಕೆ ಉಪಾಯವೇ ಹೊಳೆಯಲಿಲ್ಲ. ಎದುರಿಗೆ 'ನಗಲಿ' ಅಂತ ಬರೆದೆ.

ಯಜಮಾನರು ನೋಡಿ, "ಇದೇನೇ, ಶುರುವಿಗೇ ಅಪಶಕುನ?" ಅಂದರು.

ಅಕ್ಟೋಬರಿನಲ್ಲಿ ಅತ್ತೆಯವರಿಗೆ ಕಣ್ಣಿನ ಪೊರೆ ತೆಗೆಸಿದೆವು. ನೋಡಲು ಬಂದವರೋ ಬಂದವರು. ಆ ಹದಿನೈದು ದಿನ ನಾಲ್ಕು ಪುಟದ ಲೆಕ್ಕವೇ ನನ್ನನ್ನು ಕಾಪಾಡಿತು.

ನೀವೂ ಬರೆಯುವಿರಾದರೆ ಹಗಲಲ್ಲೇ, ಒಂದೇ ಸಲ ಕೂತು ಬರೆಯಿರಿ, ಪ್ರತಿಯೊಂದರ ಎದುರಿಗೂ ಏನು ಮಾಡುವಿರೆಂಬುದನ್ನು ಸೇರಿಸಿ. ರಾತ್ರಿ ಮಲಗಿಕೊಂಡು ಇದೇ ಕೆಲಸಕ್ಕೆ ಹೊರಟರೆ ಪಟ್ಟಿಗೆ ಕೊನೆಯೇ ಇರೋದಿಲ್ಲ, ನಿದ್ದೆಯೂ ಬರೋದಿಲ್ಲ.

ಐದು ವಿಷಯ ಪಾಸಾದೆ. ಅರ್ಥಶಾಸ್ತ್ರವೊಂದು ಉಳಿದಿದೆ. ಓರಗಿತ್ತಿಯರು ನಕ್ಕದ್ದೂ ಆಯಿತು. ಈ ಸಲ ಹುಡುಗಿಯನ್ನು ಬುಧವಾರವೂ ಬರಹೇಳಿದ್ದೇನೆ.